ಕೆಂಪು ಪಟ್ಟಿ ಹೊರಗಿತ್ತು

ಡಬ್ಬಿ ಇತ್ತು. ಡಬ್ಬಿಯೊಳಗೆ ಟೇಪಿನ ಸುರುಳಿಯೂ ಇತ್ತು. ಅದರಲ್ಲಿ ಇರಬೇಕಾಗಿದ್ದ ಅಕ್ಕನ ಧ್ವನಿ ಮಾತ್ರ ಇರಲಿಲ್ಲ.

ರಂಗಮಂದಿರದ ಹೊಸ ಸ್ಪೀಕರುಗಳಿಂದ ಬಂದದ್ದು ಬರೀ ಸುಯ್ ಎಂಬ ಸದ್ದು. ಕಿವಿ ಮೇಷ್ಟ್ರು ಸ್ವಲ್ಪ ಹೊತ್ತು ಕಾದರು. ಸುರುಳಿಯನ್ನು ಮುಂದಕ್ಕೆ ಓಡಿಸಿದರು. ಸುಯ್. ಇನ್ನೂ ಮುಂದಕ್ಕೆ. ಮತ್ತೆ ಸುಯ್. ಯಂತ್ರ ನಿಲ್ಲಿಸಿ, ಹಿಂದೆ ಕುರ್ಚಿ ಇದೆಯೇ ಎಂದು ತಡವಿ ನೋಡಿ, ಕೂತರು.

"ಇದು ನಮ್ಮ ಟೇಪಲ್ಲ" ಎಂದರು.

ಊರಿನ ಧ್ವನಿ ಕೆಲಸಗಾರರಲ್ಲಿ ಅರ್ಧ ಜನ ಅವರ ಕೈಯಲ್ಲಿ ಪಳಗಿದವರು, ಅದಕ್ಕೇ ಮೇಷ್ಟ್ರು. ಮೊದಲ ಸಾಲಿನಲ್ಲಿ ಕೂತು ಕೊನೆಯ ಸಾಲಿನ ಯಾವ ಕುರ್ಚಿಯ ಮೊಳೆ ಸಡಿಲವೆಂದು ಹೇಳಬಲ್ಲರು, ಅದಕ್ಕೇ ಕಿವಿ. ಅಂಥವರ ಮುಖ ಈಗ ಸುಣ್ಣ ಬಳಿದಂತಾಗಿತ್ತು. ಮೊಬೈಲು ತೆಗೆದು ಸೊಸೆಗೆ ಫೋನ್ ಮಾಡಿದರು.

"ಅಮ್ಮಾ, ರಂಗಮಂದಿರಕ್ಕೆ ಬರ್ತೀಯಾ? ಸೊಸೆಯಾಗಿ ಬೇಡ. ಯೂನಿಫಾರ್ಮಿನಲ್ಲಿ ಬಾ."

ಸೊಸೆ ಪೊಲೀಸ್ ಇನ್ಸ್‌ಪೆಕ್ಟರ್. ಆಕೆಗೆ ಓಣಿಯಾಚೆ ಓಡುವ ಕಳ್ಳನ ಹೆಜ್ಜೆ ಕೇಳಿಸುತ್ತದೆ, ಸಂಗೀತ ಮಾತ್ರ ತಲೆಗೆ ಹತ್ತುವುದಿಲ್ಲ. ಜೋಗುಳವೂ ಒಂದೇ, ಬ್ಯಾಂಡೂ ಒಂದೇ. "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ" ಎಂದು ಮಾವ ಊಟಕ್ಕೆ ಕೂತಾಗಲೆಲ್ಲ ರೇಗಿಸುತ್ತಾರೆ. "ಕತ್ತೆ ಕೈಲಿ ಲಾಠಿ ಇದೆ ಮಾವ, ಹುಷಾರು" ಎನ್ನುತ್ತಾಳೆ ಸೊಸೆ. ಮನೆಯಲ್ಲಿ ಆ ಇಬ್ಬರಷ್ಟು ಹೊಂದಿಕೊಂಡವರು ಬೇರೆ ಯಾರೂ ಇಲ್ಲ.

ಬಂದವಳು ಮೊದಲು ಮಾವನಿಗೆ ನೀರು ಕುಡಿಸಿದಳು. ಆಮೇಲೆ ಕೇಳಿದಳು.

"ಏನು ಕಳೆದಿದೆ?"

"ಅಕ್ಕ ಹಾಡಿದ್ದು."

ಸೊಸೆಗೆ ಅಷ್ಟು ಸಾಕಾಯಿತು. ಮಾವನ ಅಕ್ಕ, ಮನೆಯವರೆಲ್ಲ ದೊಡ್ಡತ್ತೆ ಎನ್ನುವವರು, ಒಂದು ಕಾಲದಲ್ಲಿ ಹಾಡುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಉಳಿದದ್ದು ಪಿಸುಮಾತು ಮಾತ್ರ. ಅದಕ್ಕೂ ಮೊದಲು, ಖಾಲಿ ಸಭಾಂಗಣವೊಂದರಲ್ಲಿ ಅವರನ್ನು ಒಬ್ಬರನ್ನೇ ನಿಲ್ಲಿಸಿ ಮಾವನೇ ಧ್ವನಿಮುದ್ರಣ ಮಾಡಿದ್ದರು. ಅದೊಂದೇ ಟೇಪು ಉಳಿದಿತ್ತು. ಸಂಜೆ ದೊಡ್ಡತ್ತೆ ಇಲ್ಲಿಗೆ ಬಂದು, ದೊಡ್ಡ ಸಭಾಂಗಣದಲ್ಲಿ ತಮ್ಮ ಧ್ವನಿಯನ್ನು ತಾವೇ ಕೇಳುವವರಿದ್ದರು.

"ಪ್ರತಿ?"

ಮಾವ ನೆಲ ನೋಡಿದರು. "ಈ ಸ್ಪೀಕರಿನ ಪರೀಕ್ಷೆ ಒಂದು ಮುಗೀಲಿ, ಮಾಡಿಸೋಣ ಅಂತಿದ್ದೆ."

"ಎಷ್ಟು ಸಲ ಬಡ್ಕೊಂಡೆ..." ಎಂದವಳು ಮಾತು ನುಂಗಿದಳು. ಬಿದ್ದವರ ಮೇಲೆ ಕಲ್ಲು ಹಾಕುವ ಅಭ್ಯಾಸ ಅವಳಿಗಿರಲಿಲ್ಲ. "ಬೆಳಿಗ್ಗೆ ಡಬ್ಬಿ ತೆಗೆದಾಗ ಏನಾದ್ರೂ ಬೇರೆ ಥರ ಕಂಡಿತಾ?"

"ಏನೂ ಇಲ್ಲ. ಕೆಂಪು ಪಟ್ಟಿ ಹೊರಗಿತ್ತು. ಎಂದಿನ ಹಾಗೆ ಹಿಂದಕ್ಕೆ ಸುತ್ತಿ, ಆಮೇಲೆ ಹಾಕಿದೆ."

ಹಿಂದಿನ ಸಂಜೆ ಮೇಷ್ಟ್ರು ಮೂರು ಟೇಪು ತಂದು ಧ್ವನಿಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಬೀಗದ ಕೈ ಮ್ಯಾನೇಜರರ ಕೋಣೆಯ ಮೊಳೆಗೆ ನೇತು ಹಾಕಿದ್ದರು. ಅಂದರೆ ಬೀಗ ಇದ್ದೂ ಇಲ್ಲದಂತೆ. ಆ ಹೊತ್ತಿಗೆ ಕಟ್ಟಡದಲ್ಲಿ ಇದ್ದವರು ಇನ್ನು ಮೂವರು. ಒಬ್ಬ ಮ್ಯಾನೇಜರ್. ಇನ್ನೊಬ್ಬ ಸ್ಪೀಕರು ಕೂರಿಸಿದ ಗುತ್ತಿಗೆದಾರ, ಮೇಷ್ಟ್ರ ಹಳೆಯ ಶಿಷ್ಯ. ಮೂರನೆಯವರು ತಟ್ಟೆ ಸಾಹುಕಾರರು. ಹಳೆಯ ಗ್ರಾಮಫೋನ್ ತಟ್ಟೆ, ಟೇಪು ಎಂದರೆ ಊಟ ಬಿಟ್ಟು ಬರುವವರು.

"ಒಂದು ಟೇಪಿಗೆ ಪೊಲೀಸಾ?" ಮ್ಯಾನೇಜರ್ ಗಡಿಯಾರ ನೋಡಿಕೊಂಡರು. "ನಾಳೆ ಉದ್ಘಾಟನೆ ಮೇಡಂ. ನನ್ನ ಮೊಬೈಲಲ್ಲಿ ಬೇಕಾದಷ್ಟು ಹಾಡಿದೆ. ಜೋರಾಗಿ ಕೇಳಿದ್ರೆ ಸಾಕಪ್ಪ."

ಮೇಷ್ಟ್ರಿಗೆ ದುಃಖದ ನಡುವೆಯೂ ಸಿಟ್ಟು ಬಂತು.

"ಒಳ್ಳೇ ಹಾಡು ಬೇರೆ, ಒಳ್ಳೇ ರೆಕಾರ್ಡಿಂಗ್ ಬೇರೆ. ರೆಕಾರ್ಡಿಂಗೇ ಸುಮಾರಾಗಿದ್ರೆ ತಪ್ಪು ಹಾಡಿಂದೋ ಸ್ಪೀಕರಿಂದೋ ಹೇಗೆ ಗೊತ್ತಾಗತ್ತೆ? ನನ್ನ ಹತ್ರ ಮೂರಿದೆ. ಡೋಲಿನ ಟೇಪು, ಕೆಳಗಿನ ದಪ್ಪ ಸದ್ದು ಗಟ್ಟಿಯಾಗಿದೆಯಾ ನೋಡೋಕೆ. ಹತ್ತು ಜನರ ಹಾಡು, ಒಬ್ಬೊಬ್ಬರೂ ಬೇರೆ ಬೇರೆ ಕೇಳ್ತಾರಾ ನೋಡೋಕೆ. ಕೊನೇದು ಅಕ್ಕ. ಕಣ್ಣು ಮುಚ್ಚಿ ಕೇಳಿದ್ರೆ ಅವಳು ವೇದಿಕೆಯ ನಟ್ಟ ನಡುವೆ ನಿಂತ ಹಾಗಿರಬೇಕು. ಹಾಗೆ ನಿಂತರೆ ಎಡ ಬಲದ ಸ್ಪೀಕರು ಸಮ ಇದೆ ಅಂತ."

"ಮೊದಲೆರಡೂ ಚೆನ್ನಾಗೇ ಬಂತಲ್ಲ ಮೇಷ್ಟ್ರೇ" ಎಂದ ಗುತ್ತಿಗೆದಾರ ಮೆಲ್ಲಗೆ. "ಬೇಜಾರು ಮಾಡ್ಕೋಬೇಡಿ. ಅಷ್ಟರಲ್ಲೇ ಹೊಂದಿಸಿ ಮುಗಿಸೋಣ. ಟೇಪು ನಿಧಾನಕ್ಕೆ ಹುಡುಕಿದ್ರಾಯ್ತು."

"ನಿಧಾನವಾ?" ಮೇಷ್ಟ್ರು ಸುತ್ತ ಕೈ ತೋರಿಸಿದರು. "ಈ ಕಟ್ಟಡದ ತುಂಬ ಸ್ಪೀಕರ್. ಪ್ರತಿಯೊಂದರಲ್ಲೂ ಅಯಸ್ಕಾಂತ. ಕದ್ದವನು ಬುದ್ಧಿಯಿಲ್ಲದೆ ಯಾವುದಾದ್ರೂ ಸ್ಪೀಕರಿನ ಹಿಂದೆ ತುರುಕಿದ್ರೆ, ಅಕ್ಕ ಅಳಿಸಿಹೋಗ್ತಾಳೆ!"

ಸಂಜೆ ದೊಡ್ಡತ್ತೆಯ ಮುಂದೆ ಏನು ಹೇಳುವುದು ಎಂಬ ಪ್ರಶ್ನೆ ಯಾರೂ ಕೇಳಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು.

* * *

ಅನುಮಾನ ಮೊದಲು ಹೋದದ್ದು ತಟ್ಟೆ ಸಾಹುಕಾರರ ಮೇಲೆ. ಆ ಟೇಪಿಗಾಗಿ ಅವರು ಮೇಷ್ಟ್ರ ಮನೆ ಬಾಗಿಲು ಸವೆಸಿದ್ದರು. ನಿನ್ನೆ ಬಂದದ್ದೂ ಅದನ್ನೇ ಕೇಳಲು. ಹೋಗುವಾಗ ಹೆಗಲಲ್ಲಿ ಚೀಲವಿತ್ತು ಎಂದು ಮ್ಯಾನೇಜರ್ ಹೇಳಿದ್ದರು.

ಇನ್ಸ್‌ಪೆಕ್ಟರ್ ಬಾಗಿಲು ತಟ್ಟಿದಾಗ ಸಾಹುಕಾರರು ಒಂದು ತಟ್ಟೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸುತ್ತಿದ್ದರು. ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಸೋಫಾದ ಮೇಲೂ ತಟ್ಟೆಗಳೇ.

"ಕಳುವಾಯ್ತಾ?" ಸಾಹುಕಾರರ ಕಣ್ಣಲ್ಲಿ ನೀರಾಡಿತು. "ನಾನು ಕದೀಬೇಕು ಅಂದ್ಕೊಂಡಿದ್ದೆ ಮೇಡಂ. ಸುಳ್ಳು ಯಾಕೆ? ಎಷ್ಟೋ ಸಲ ಅಂದ್ಕೊಂಡಿದ್ದೆ. ಧೈರ್ಯ ಬರ್ಲಿಲ್ಲ."

"ಚೀಲದಲ್ಲಿ ಏನಿತ್ತು?"

ಅವರು ಚೀಲ ತಂದು ಸುರಿದರು. ಒಂದು ಟೇಪಿನ ಡಬ್ಬಿ ಉರುಳಿತು. ಇನ್ಸ್‌ಪೆಕ್ಟರ್ ಬೇಟೆ ಸಿಕ್ಕಿತೆಂದು ತೆರೆದಳು. ಸುರುಳಿಯ ಹೊರತುದಿಯಲ್ಲಿ ಬಿಳಿ ಪಟ್ಟಿ.

"ಇದು ನಂದೇ. ನಿಮ್ಮ ಮಾವನಿಗೆ ತೋರಿಸಿ, ಬದಲಿಗೆ ಅದನ್ನ ಒಂದಿನಕ್ಕೆ ಕೇಳೋಣ ಅಂತ ಹೋಗಿದ್ದೆ. ಕೊಡ್ಲಿಲ್ಲ. ಹಿಂದೊಂದು ಸಲ ಅವರ ಟೇಪು ತಂದಿದ್ದೆ. ಕೇಳಿ ಮುಗಿಸಿ, ಮರ್ಯಾದೆಯಾಗಿ ಹಿಂದಕ್ಕೆ ಸುತ್ತಿ ವಾಪಸ್ ಕೊಟ್ಟೆ. ಅದಕ್ಕೆ ಏನು ಹಾರಾಡಿದ್ರು ಅಂತೀರಿ! ಅವತ್ತಿಂದ ಒಂದು ಟೇಪೂ ಕೊಟ್ಟಿಲ್ಲ."

"ಸುತ್ತಿ ಕೊಟ್ಟಿದ್ದಕ್ಕೆ ಬೈದ್ರಾ?"

"ಅದೇ ನನಗೂ ಅರ್ಥವಾಗಿಲ್ಲ."

ಇನ್ಸ್‌ಪೆಕ್ಟರ್ ಆ ಬಿಳಿ ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ಚಹಾ ಬೇಡವೆಂದು ಎದ್ದಳು. ಜೀಪು ಹತ್ತುವಾಗ ಅವಳ ಮುಖದ ಮೇಲೆ ಒಂದು ಸಣ್ಣ ನಗು ಇತ್ತು.

* * *

"ಮಾವ, ಟೇಪಿಗೆ ತಲೆ ಬಾಲ ಅಂತ ಇರುತ್ತಾ?"

ಮೇಷ್ಟ್ರು ಆ ಕುರ್ಚಿಯಿಂದ ಎದ್ದೇ ಇರಲಿಲ್ಲ. ಆದರೆ ಪಾಠ ಹೇಳುವ ಅವಕಾಶ ಸಿಕ್ಕಿದರೆ ಮೇಷ್ಟ್ರು ಸಾವಿನ ಮನೆಯಲ್ಲೂ ಚೇತರಿಸಿಕೊಳ್ಳುತ್ತಾರೆ.

"ತಲೆಗೆ ಬಿಳಿ ಪಟ್ಟಿ, ಬಾಲಕ್ಕೆ ಕೆಂಪು. ಸುತ್ತಿಟ್ಟ ಟೇಪಲ್ಲಿ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಚೂರು ಅಂಟುತ್ತೆ. ತಲೆ ಹೊರಗಿಟ್ಟರೆ ಅಕ್ಕ ಬಾಯಿ ತೆಗೆಯೋ ಮುಂಚೆನೇ ಅವಳ ದೆವ್ವ ಹಾಡುತ್ತೆ. ಬಾಲ ಹೊರಗಿಟ್ಟರೆ ದೆವ್ವ ಹಿಂದೆ ಬರುತ್ತೆ, ಹಾಡಲ್ಲೇ ಮುಚ್ಚಿಹೋಗುತ್ತೆ. ಅದಕ್ಕೇ ನಾವು ಕೇಳಿ ಮುಗಿಸಿದ ಟೇಪನ್ನ ಹಿಂದಕ್ಕೆ ಸುತ್ತಲ್ಲ, ಹಾಗೇ ಇಡ್ತೀವಿ. ಮುಂದಿನ ಸಲ ಕೇಳೋವಾಗ ಸುತ್ತಿಕೊಳ್ಳೋದು."

"ಎಲ್ಲರೂ ಹಾಗೇ ಮಾಡ್ತಾರಾ?"

"ಎಲ್ಲಿ ಮಾಡ್ತಾರೆ? ಆ ಸಾಹುಕಾರನಿಗೆ ಹೇಳಿದ್ರೆ ನನ್ನನ್ನೇ ಹುಚ್ಚ ಅನ್ನೋ ಹಾಗೆ ನೋಡಿದ."

"ಸರಿ. ಇನ್ನೊಂದು ಪ್ರಶ್ನೆ. ಆ ಟೇಪನ್ನ ನೀವೇ ಕದ್ದಿದ್ರೆ, ಈ ಕಟ್ಟಡದಲ್ಲಿ ಎಲ್ಲಿ ಬಚ್ಚಿಡ್ತಿದ್ರಿ?"

"ಏನಮ್ಮಾ ಇದು!" ಮೇಷ್ಟ್ರು ಕೆರಳಿದರು. ಮರುಗಳಿಗೆಯೇ ಕಣ್ಣು ಮುಚ್ಚಿ ಯೋಚಿಸತೊಡಗಿದರು. "ಸ್ಪೀಕರಿನ ಹತ್ರ ಅಲ್ಲ. ಮೋಟರು, ತಂತಿ ಇರೋ ಕಡೆ ಅಲ್ಲ. ಬಿಸಿಲು ತಾಗಬಾರದು. ತಂಪಾಗಿರಬೇಕು, ಒದ್ದೆ ಇರಬಾರದು. ಕಬ್ಬಿಣದ ಬೀರು ಬೇಡ, ಮರದ್ದಾದ್ರೆ ಒಳ್ಳೇದು. ಮಲಗಿಸಿ ಇಡಬಾರದು, ನಿಲ್ಲಿಸಿ ಇಡಬೇಕು."

ಇನ್ಸ್‌ಪೆಕ್ಟರ್ ಕಟ್ಟಡ ಸುತ್ತಿದಳು. ನೆಲಮಾಳಿಗೆ ತೇವ. ಕಚೇರಿಯ ಬೀರುಗಳೆಲ್ಲ ಕಬ್ಬಿಣ. ನಟರು ಬಣ್ಣ ಹಚ್ಚುವ ಕೋಣೆಗೆ ಮಧ್ಯಾಹ್ನದ ಬಿಸಿಲು. ಮೆಟ್ಟಿಲ ಕೊನೆಯಲ್ಲಿ ವೇಷಭೂಷಣದ ಕೋಣೆ; ಅಲ್ಲಿ ಗೋಡೆಗೊರಗಿದ ಹಳೆಯ ಮರದ ಬೀರು. ರಾಜರ ನಿಲುವಂಗಿಗಳನ್ನು ಸರಿಸಿದಳು. ಕಿರೀಟಗಳನ್ನು ಸರಿಸಿದಳು. ಮೂಲೆಯಲ್ಲಿ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿದ ಒಂದು ಸುರುಳಿ, ಎರಡು ಮರದ ತುಂಡುಗಳ ಆಸರೆಯಲ್ಲಿ, ನೆಟ್ಟಗೆ ನಿಂತಿತ್ತು.

"ಕಳ್ಳನಾದ್ರೂ ಎಂಥ ಶಿಸ್ತು!" ಎಂದು ಅವಳು ಜೋರಾಗಿ ನಕ್ಕಳು. ಮಾವನಿಗೆ ಮಾತ್ರ ಕಿವಿಯಲ್ಲಿ ಸುದ್ದಿ ಹೇಳಿದಳು. ಮೇಷ್ಟ್ರು ಸುರುಳಿಯನ್ನು ಎದೆಗೆ ಒತ್ತಿಕೊಂಡು, ಯಾರಿಗೂ ಕಾಣದಂತೆ ಗೋಡೆಯ ಕಡೆ ತಿರುಗಿ ಅತ್ತರು.

ಯಾರು ಎಂಬುದು ಆಗಲೇ ಅವಳಿಗೆ ಗೊತ್ತಾಗಿತ್ತು. ಯಾಕೆ ಎಂಬುದು ಮಾತ್ರ ಗೊತ್ತಾಗಿರಲಿಲ್ಲ.

* * *

ಸಂಜೆ ದೊಡ್ಡತ್ತೆ ಬಂದರು. ಇಸ್ತ್ರಿ ಮಾಡಿದ ನೀಲಿ ಸೀರೆ, ಕೈಯಲ್ಲಿ ಕನ್ನಡಕದ ಡಬ್ಬಿ. ಕಳುವಿನ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ. ಮಧ್ಯದ ಸಾಲಿನ ಮಧ್ಯದ ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಇನ್ಸ್‌ಪೆಕ್ಟರ್, ಹಿಂದೆ ಸಾಹುಕಾರರು, ಮ್ಯಾನೇಜರ್, ಗುತ್ತಿಗೆದಾರ.

ಧ್ವನಿಕೋಣೆಯ ಗಾಜಿನಾಚೆ ಮೇಷ್ಟ್ರು ಸುರುಳಿ ಎತ್ತಿ ತೋರಿಸಿದರು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಸಾಹುಕಾರರು ಎದ್ದೇ ನಿಂತರು. ಗುತ್ತಿಗೆದಾರ ಮಾತ್ರ ಕಣ್ಣು ಮುಚ್ಚಿಕೊಂಡ.

ಧ್ವನಿ ಬಂತು. ಹಿಂದೆ ವಾದ್ಯವಿಲ್ಲ, ಏನಿಲ್ಲ. ಒಬ್ಬಳು ಹೆಣ್ಣುಮಗಳು ಉಸಿರು ತೆಗೆದುಕೊಂಡು ಹಾಡಿದಳು. ಸಾಹುಕಾರರು ಮೂಗೊರೆಸಿಕೊಂಡರು. ದೊಡ್ಡತ್ತೆ ಅಲುಗಾಡದೆ ಕೇಳಿದರು. ಆಮೇಲೆ ಹುಬ್ಬು ಗಂಟಿಕ್ಕಿ, ಸೊಸೆಯ ಕಡೆ ಬಾಗಿ ಪಿಸುಗುಟ್ಟಿದರು.

"ಬಲಕ್ಕೆ ವಾಲಿದೀನಲ್ಲೇ."

"ಏನತ್ತೆ?"

"ನಾನು ನೆಟ್ಟಗೆ ನಿಂತು ಹಾಡಿದ್ದು. ಇಲ್ಲಿ ಬಲಗಡೆ ನಿಂತ್ಕೊಂಡಿದೀನಿ. ಎಡಗಡೆ ಯಾಕೋ ಮಂಕು."

ಗಾಜಿನಾಚೆ ಮೇಷ್ಟ್ರು ಯಂತ್ರ ನಿಲ್ಲಿಸಿ ಹೊರಗೆ ಬರುತ್ತಿದ್ದರು. ಅವರಿಗೂ ಕೇಳಿಸಿತ್ತು. ಇನ್ಸ್‌ಪೆಕ್ಟರ್ ಎದ್ದು ಹಿಂದಕ್ಕೆ ತಿರುಗಿದಳು.

"ಯಾಕೆ ಅಂತ ಈಗ ಗೊತ್ತಾಯ್ತು" ಎಂದಳು. "ಎಡಗಡೆ ಸ್ಪೀಕರಿಗೆ ಏನಾಗಿದೆ ಗುತ್ತಿಗೆದಾರರೇ?"

ಅವನು ಎಡಗಡೆ ಸ್ಪೀಕರಿನತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ.

"ಕದ್ದವನು ಡಬ್ಬಿಯಲ್ಲಿ ಖಾಲಿ ಸುರುಳಿ ಇಟ್ಟ. ಅಲ್ಲಿಗೆ ನಿಲ್ಲಿಸಿದ್ರೆ ಬಚಾವಾಗ್ತಿದ್ದ. ಆದ್ರೆ ಕೆಂಪು ಪಟ್ಟಿ ಹೊರಗೆ ಮಾಡಿ ಇಟ್ಟ. ಮ್ಯಾನೇಜರಿಗೆ ಟೇಪಿನ ತಲೆ ಬಾಲ ಗೊತ್ತಿಲ್ಲ."

"ಗೊತ್ತಾಗೋದೂ ಬೇಡ" ಎಂದರು ಮ್ಯಾನೇಜರ್.

"ಸಾಹುಕಾರರು ಇಟ್ಟಿದ್ರೆ ಮರ್ಯಾದೆಯಾಗಿ ಸುತ್ತಿ, ಬಿಳಿ ಪಟ್ಟಿ ಹೊರಗಿಡ್ತಿದ್ರು. ಬೀರುವಿನಲ್ಲಿ ಟೇಪನ್ನ ನಿಲ್ಲಿಸಿ ಇಟ್ಟವನೂ, ಅಯಸ್ಕಾಂತಕ್ಕೆ ಹೆದರಿ ಮೆಟ್ಟಿಲು ಹತ್ತಿದವನೂ ಒಬ್ಬನೇ. ನಮ್ಮ ಮಾವನ ಹತ್ರ ಪಾಠ ಕಲಿತವನು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಕಲಿತ ಗುಣವೂ ಹಾಗೇ."

ಗುತ್ತಿಗೆದಾರ ಮೇಷ್ಟ್ರ ಮುಂದೆ ಬಂದು ನಿಂತ. ನಡುವಯಸ್ಸಿನ ಗಂಡಸು, ಹೋಂವರ್ಕ್ ಮಾಡದೆ ಬಂದವನಂತೆ ಕಾಣುತ್ತಿದ್ದ.

"ಮೇಲೇರಿಸೋವಾಗ ಎಡಗಡೆಯದು ಕೈಜಾರಿ ಬಿತ್ತು ಮೇಷ್ಟ್ರೇ. ಮೇಲಿನ ಸಣ್ಣ ಸದ್ದು ಕೊಡೋ ಭಾಗ ಒಡೀತು. ಹೊಸದು ಬರೋದು ಮುಂದಿನ ವಾರ. ಅಲ್ಲೀವರೆಗೆ ಅಂತ ರಿಪೇರಿ ಮಾಡಿದ್ದು ಹಾಕಿದ್ದೆ. ಡೋಲಿನಲ್ಲಿ ಗೊತ್ತಾಗಲ್ಲ. ಹತ್ತು ಜನ ಹಾಡೋವಾಗ ಒಬ್ಬ ಮಂಕಾದ್ರೂ ಗೊತ್ತಾಗಲ್ಲ. ಅಕ್ಕನ ಟೇಪು ಹಾಕಿದ್ರೆ ಸಿಕ್ಕಿಬೀಳ್ತೀನಿ ಅಂತ..."

"ನನಗೆ ಹೇಳಬಾರದಿತ್ತಾ?"

"ನಿಮ್ಮ ಮುಂದೆ ಸಣ್ಣವನಾಗೋಕೆ ಮನಸ್ಸು ಬರ್ಲಿಲ್ಲ. ನಾಳಿದ್ದು ತಂದು ಅಲ್ಲೇ ಇಡೋನಿದ್ದೆ. ಸತ್ಯವಾಗ್ಲೂ."

ಮೇಷ್ಟ್ರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಆಸರೆಗೆ ಏನಿಟ್ಟಿದ್ದೆ?"

"ಮರದ ತುಂಡು. ಎರಡು ಕಡೆ."

"ಹೂಂ. ಅಷ್ಟಾದ್ರೂ ನೆನಪಿಟ್ಟಿದೀಯಲ್ಲ" ಎಂದು ಗದರಿದರು. ಗದರಿಕೆಯಲ್ಲಿ ಹೆಮ್ಮೆಯೂ ಇಣುಕಿತು, ಎಷ್ಟು ಅದುಮಿದರೂ. "ಅಮ್ಮಾ, ನನ್ನ ದೂರು ವಾಪಸ್."

"ಅಷ್ಟು ಸುಲಭಕ್ಕಾ ಮಾವ?"

"ಸುಲಭಕ್ಕಲ್ಲ. ಈಗಲೇ ಬಾಲ್ಕನಿ ಸ್ಪೀಕರಿನಿಂದ ಆ ಭಾಗ ಬಿಚ್ಚಿ ಎಡಗಡೆಗೆ ಹಾಕಲಿ. ಹೊಸದು ಬರೋವರೆಗೆ ಬಾಲ್ಕನಿ ಮುಚ್ಚಿರಲಿ. ಅದಕ್ಕೆ ಕಾರಣ ಏನು ಅಂತ ರಂಗಮಂದಿರದ ಸಮಿತಿಯವರಿಗೆ ಇವನೇ ಹೇಳಲಿ. ಇವತ್ತೇ ಟೇಪಿಗೆ ಪ್ರತಿ ಮಾಡಲಿ."

"ಮೂರು ಪ್ರತಿ" ಎಂದಳು ಸೊಸೆ.

"ನಾಲ್ಕು" ಎಂದರು ಸಾಹುಕಾರರು ಹಿಂದಿನಿಂದ. ದೊಡ್ಡತ್ತೆ ತಿರುಗಿ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದರು. ಸಾಹುಕಾರರಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಗುತ್ತಿಗೆದಾರ ಅಂಗಿ ತೋಳು ಮಡಚಿ ಏಣಿ ಹತ್ತಿದ. ಎಲ್ಲರೂ ಕಾದರು. ಮ್ಯಾನೇಜರ್ ಬಾಲ್ಕನಿಯ ಟಿಕೆಟ್ಟುಗಳ ಬಗ್ಗೆ ಗೊಣಗಿದರು, ಆದರೆ ಚಹಾ ತರಿಸಿದರು.

ಮತ್ತೆ ಟೇಪು ತಿರುಗಿತು. ಇನ್ಸ್‌ಪೆಕ್ಟರ್ ಈ ಸಲ ಕಣ್ಣು ಮುಚ್ಚಿದಳು. ರಾಗ ತಿಳಿಯಲಿಲ್ಲ, ತಾಳ ತಿಳಿಯಲಿಲ್ಲ. ಆದರೆ ಕತ್ತಲಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂದು ಹೇಳುವುದು ಅವಳ ದಿನನಿತ್ಯದ ಕೆಲಸ. ಕೈ ಎತ್ತಿ ಬೆರಳು ತೋರಿಸಿದಳು.

"ಮಾವ, ಅಲ್ಲಿದಾರೆ."

ಕಣ್ಣು ಬಿಟ್ಟರೆ ಪಕ್ಕದ ಕುರ್ಚಿ ಖಾಲಿ. ದೊಡ್ಡತ್ತೆ ಯಾವಾಗಲೋ ಎದ್ದು ಹೋಗಿ ವೇದಿಕೆ ಹತ್ತಿದ್ದರು. ಅವಳ ಬೆರಳು ತೋರಿಸುತ್ತಿದ್ದ ಜಾಗದಲ್ಲೇ, ಕೈಯಲ್ಲಿ ಕನ್ನಡಕದ ಡಬ್ಬಿ ಹಿಡಿದು ನಿಂತಿದ್ದರು. ತುಟಿಗಳು ಹಾಡಿನ ಜೊತೆಜೊತೆಗೇ ಅಲುಗುತ್ತಿದ್ದವು. ಸಭಾಂಗಣದ ತುಂಬ ಅವರ ಧ್ವನಿ ಇತ್ತು.

ಧ್ವನಿಕೋಣೆಯ ಮೈಕಿನಿಂದ ಮೇಷ್ಟ್ರ ಮಾತು ಕೇಳಿಸಿತು. ಮೂಗು ಕಟ್ಟಿತ್ತು.

"ಅಲ್ಲೇ ಇರಕ್ಕಾ. ಈಗ ಸರಿಯಾಗಿದೀಯ."