ಇನ್ನೂ ಜೋರು, ಅಪ್ಪ!

"ತೆಗೀರಿ ಅದನ್ನ ಕಿವಿಯಿಂದ! ಮೊದಲು ತೆಗೀರಿ!"

ಗ್ಯಾರೇಜಿನ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಒಳಗಿದ್ದವನು ಬೆಚ್ಚಿಬಿದ್ದ. ಓಡುತ್ತಿದ್ದ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದ ಪುಣ್ಯಾತ್ಮ!

ಕೂಗಿದ್ದು ಸಾಲದೆಂದು ಅವಳು ನೇರ ಒಳಗೆ ಹೋಗಿ ಆ ಸ್ಕ್ರೂಡ್ರೈವರನ್ನೇ ಕಿತ್ತುಕೊಂಡಳು.

"ರೀ... ಬೇರಿಂಗ್ ಸದ್ದು ಕೇಳ್ತಿದ್ದೆ..."

"ಕೈ ಜಾರಿದ್ರೆ ಬೇರಿಂಗ್ ಅಲ್ಲ, ಜೀವಮಾನದಲ್ಲಿ ಇನ್ನೇನೂ ಕೇಳಿಸಲ್ಲ. ಕಿವಿ ಅಂದ್ರೆ ಏನಂದ್ಕೊಂಡಿದ್ದೀರಿ ನೀವು?"

ಅವನು ಎದ್ದು ನಿಂತ. ಕೆನ್ನೆಯ ಮೇಲೆ ಗ್ರೀಸಿನ ಗೆರೆ. ಕೋಪ ಬರಬೇಕಾಗಿತ್ತು, ಬರಲಿಲ್ಲ.

"ನೀವು ಕಿವಿ ಡಾಕ್ಟ್ರಾ?"

"ಡಾಕ್ಟರ್ ಅಲ್ಲ. ಕಿವಿ ಎಷ್ಟು ಕೇಳಿಸುತ್ತೆ ಅಂತ ಪರೀಕ್ಷೆ ಮಾಡಿ ಹಿಯರಿಂಗ್ ಏಡ್ ಹಾಕೋಳು."

"ಸರಿ, ಕಿವಿ ಡಾಕ್ಟ್ರೇ. ಬೇರಿಂಗ್ ಹೋಗಿದೆ. ನೀವು ಕಿತ್ಕೊಳ್ಳೋಕೆ ಮುಂಚೆನೇ ಕೇಳಿಸ್ತು."

ಎಂದು ಮೆಲ್ಲಗೆ ನಕ್ಕ. ಅವಳಿಗೆ ಬಯ್ಯಲು ಇನ್ನೂ ನಾಲ್ಕು ಮಾತು ಬಾಕಿ ಇದ್ದವು. ಆ ನಗುವಿನಲ್ಲಿ ಅವೆಲ್ಲ ಎಲ್ಲಿ ಕರಗಿ ಹೋದವೋ!

*

ಅವಳು ಬಂದದ್ದು ಬಯ್ಯಲು ಅಲ್ಲ. ಹೊರಗೆ ಟೆಂಪೋದಲ್ಲಿ ಅಪ್ಪನ ಬೈಕಿತ್ತು.

ಎರಡು ಸಿಲಿಂಡರಿನ ಹಳೆಯ ಸ್ಪೋರ್ಟ್ಸ್ ಬೈಕು. ಆಕಾಶನೀಲಿ ಟ್ಯಾಂಕು, ಅದರ ಮೇಲೊಂದು ಬಿಳಿ ಪಟ್ಟೆ. ಮದುವೆಗೆ ಮುಂಚೆ ಅಪ್ಪ ಅದರಲ್ಲಿ ರೇಸ್ ಓಡಿಸುತ್ತಿದ್ದರು. "ಎಂಜಿನ್ ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತು ದಾಟಿದ ಮೇಲೆ ಅದು ಗಾಡಿ ಅಲ್ಲ ಕಣೇ, ಹಾಡು!" ಎಂದು ಅವರು ಹೇಳಿದ್ದನ್ನು ಮನೆಯಲ್ಲಿ ಎಲ್ಲರೂ ಸಾವಿರ ಸಲವಾದರೂ ಕೇಳಿದ್ದಾರೆ. ಅಮ್ಮ ಮಾತ್ರ ಪ್ರತಿಸಲವೂ ಏನೋ ನೆನಪಾದವರಂತೆ ನಗುತ್ತಿದ್ದರು.

ಮಂಡಿ ನೋವಿನಿಂದ ಅಪ್ಪ ಗಾಡಿ ಬಿಟ್ಟು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಅದು ಹಿತ್ತಲಿನ ಶೆಡ್ಡಿನಲ್ಲಿ ಚಾದರ ಹೊದ್ದು ಮಲಗಿತ್ತು.

"ಇನ್ನು ಆರು ವಾರಕ್ಕೆ ಅಪ್ಪನಿಗೆ ಅರವತ್ತೈದು ತುಂಬುತ್ತೆ. ಅಷ್ಟರೊಳಗೆ ಇದು ಒಂಬತ್ತು ಸಾವಿರ ಮುಟ್ಟಬೇಕು. ಆಗುತ್ತಾ?"

"ಅಷ್ಟು ಅವಸರ ಯಾಕೆ?"

ಅವಳು ಟೆಂಪೋದಲ್ಲಿದ್ದ ಗಾಡಿಯತ್ತ ನೋಡಿದಳು.

"ಅವರ ಕಿವಿ ಹೋಗ್ತಾ ಇದೆ. ಪರೀಕ್ಷೆ ಮಾಡಿದ್ದು ನಾನೇ... ಮೇಲಿನ ಸ್ವರಗಳು ಮೊದಲು ಹೋಗುತ್ತೆ. ಮುಂದಿನ ವರ್ಷ ಆ ಹಾಡು ಅವರಿಗೆ ಕೇಳಿಸದೇ ಹೋಗಬಹುದು."

ಅವನು ಟೆಂಪೋ ಹತ್ತಿ, ಧೂಳು ಹಿಡಿದ ಟ್ಯಾಂಕನ್ನು ಅಂಗೈಯಲ್ಲಿ ಒರೆಸಿದ.

"ಆಗುತ್ತೆ" ಎಂದ. ಅಷ್ಟೇ!

ಆ ಬೀದಿಯಲ್ಲಿ ಅವನಿಗೆ ಗುಮ್ಮನಗುಸಕ ಎಂದೇ ಹೆಸರು. ಗಿರಾಕಿ ಹತ್ತು ಮಾತಾಡಿದರೆ ಇವನದು ಒಂದು, ಅದೂ ಅರ್ಧ.

ಅಂಥವನ ಗ್ಯಾರೇಜಿಗೆ ಅವಳು ವಾರಕ್ಕೆ ಮೂರು ಸಲ ಹೋಗತೊಡಗಿದಳು. ಗಾಡಿ ನೋಡೋಕೆ ಎಂದು ಅಮ್ಮನಿಗೆ ಹೇಳಿದಳು. ಅಮ್ಮ "ಹೌದಾ?" ಎಂದರು. ಆ ಹೌದಾ ಎಷ್ಟು ಉದ್ದವಿತ್ತೆಂದರೆ, ಅದು ಮುಗಿಯುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಒಂದು ದಿನ ಅವನ ಕಿವಿಗೆ ಸದ್ದು ತಡೆಯುವ ಪ್ಲಗ್ಗು ಮಾಡಿಸಲೆಂದು, ಅಚ್ಚು ತೆಗೆಯುವ ಮೆತ್ತನೆಯ ಪೇಸ್ಟು ತಂದಳು.

"ಹತ್ತು ನಿಮಿಷ ಬಾಯಿ ಅಲ್ಲಾಡಿಸಬಾರದು."

"ಹ್ಞೂಂ."

"ನಿಮಗೇನು ಕಷ್ಟ ಬಿಡಿ!"

ಅವನ ಕಿವಿಯ ಹತ್ತಿರ ಬಾಗಿ ಪೇಸ್ಟು ತುಂಬುವಾಗ ಅರ್ಧ ಅವನ ಕೆನ್ನೆಗೇ ಮೆತ್ತಿತು. ದಿನಕ್ಕೆ ಹತ್ತು ಜನರ ಕಿವಿ ಮುಟ್ಟುವ ಕೈ... ಇವತ್ತೇನಾಯಿತು ಇದಕ್ಕೆ?

ಮುಂದಿನ ವಾರ ಪ್ಲಗ್ಗುಗಳು ತಯಾರಾದವು. "ಎಂಜಿನ್ ಸದ್ದನ್ನ ತಗ್ಗಿಸುತ್ತೆ, ಮಾತನ್ನ ಒಳಗೆ ಬಿಡುತ್ತೆ. ಇನ್ನು ಸ್ಕ್ರೂಡ್ರೈವರ್ ಗೀಡ್ರೈವರ್ ಕಿವಿ ಹತ್ರ ಕಂಡ್ರೆ ನೋಡಿ!" ಎಂದು ಕೊಟ್ಟಳು. ಅವನು ಅವನ್ನು ಅಂಗಿಯ ಎದೆಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡ.

ಆ ಸಂಜೆ ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದಾಗ ಅವಳು ಕೇಳಿದಳು, "ಇದರದ್ದು ಎಷ್ಟು ಹಾರ್ಸ್‌ಪವರ್?"

"ಮೂವತ್ತು."

"ಅಷ್ಟೇನಾ? ಹೊಸದರಲ್ಲಿ ನೂರೈವತ್ತು ಇರುತ್ತಂತೆ!"

"ಇರುತ್ತೆ. ಕಾಲು ಭಾಗ ಬಳಸೋರೂ ಕಮ್ಮಿ. ಮಿಕ್ಕಿದ್ದೆಲ್ಲ ಹೇಳ್ಕೊಳ್ಳೋಕೆ." ಅವನಿಗಿದು ಭಾಷಣ! "ಇಂಥ ಹಳೇ ಗಾಡೀಲಿ ಇರೋದನ್ನೆಲ್ಲ ಖರ್ಚು ಮಾಡಬಹುದು. ಅದಕ್ಕೇ ಜನ ಇನ್ನೂ ನೆನೆಸ್ಕೊಳ್ಳೋದು."

"ಹಾಗಾದ್ರೆ ಮನುಷ್ಯನಿಗೆ ಎಷ್ಟು ಬೇಕು?"

ಅವನು ಲೋಟದ ತಳದ ಚಹಾವನ್ನು ಒಂದು ಸುತ್ತು ತಿರುಗಿಸಿದ.

"ಹೋಗಿ, ವಾಪಸ್ ಬರೋಷ್ಟು."

ಅವಳು ಜೋರಾಗಿ ನಕ್ಕಳು. ಮನೆಗೆ ಬಂದ ಮೇಲೂ ಆ ಮಾತು ಮನಸ್ಸಿನಲ್ಲೇ ಓಡಾಡುತ್ತಿತ್ತು.

*

ಹುಟ್ಟುಹಬ್ಬಕ್ಕೆ ನಾಲ್ಕು ದಿನ ಇರುವಾಗ ಗಾಡಿ ಸಿದ್ಧವಾಯಿತು. ಕೆರೆಯ ಪಕ್ಕದ ಖಾಲಿ ರಸ್ತೆಯಲ್ಲಿ ಅವಳೇ ಓಡಿಸಿದಳು. ಎಂಜಿನ್ ಬೆಣ್ಣೆಯ ಹಾಗೆ! ಮೂರು ಸಾವಿರ, ಐದು ಸಾವಿರ, ಆರು...

ಅಲ್ಲೇ ನಿಂತಿತು. ಕೈ ಪೂರ್ತಿ ತಿರುಗಿಸಿದರೂ ಮೀಟರಿನ ಮುಳ್ಳು ಮೇಲೇಳಲಿಲ್ಲ.

ಗ್ಯಾರೇಜಿಗೆ ವಾಪಸ್ ಬಂದು ಹೆಲ್ಮೆಟ್ ತೆಗೆದಳು. "ಆರು ಸಾವಿರ ದಾಟ್ತಾ ಇಲ್ಲ. ಏನು ತೊಂದರೆ?"

ಅವನು ಮುಖ ತಿರುಗಿಸಿದ. "ತೊಂದರೆ ಏನಿಲ್ಲ. ಕಾರ್ಬೊರೇಟರ್ ಮುಚ್ಚಳದೊಳಗೆ ಎರಡು ಹಿತ್ತಾಳೆ ಬಳೆ ಇದೆ. ಪೂರ್ತಿ ತೆರೆಯೋಕೆ ಬಿಡಲ್ಲ."

"ಬಳೆ? ಯಾರು ಹಾಕಿದ್ದು?"

ಅವನು ಒರೆಸಿಟ್ಟ ಸ್ಪ್ಯಾನರನ್ನೇ ಮತ್ತೆ ಒರೆಸತೊಡಗಿದ.

"ನಿಮ್ಮನ್ನೇ ಕೇಳ್ತಿರೋದು. ಯಾರು ಹಾಕಿದ್ದು?"

"ಮೊನ್ನೆ... ಹಾಕಿದ್ದು ನಾನೇ."

ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ತೆಗೀರಿ."

"ಆಗಲ್ಲ... ನನ್ನ ಕೈಯಲ್ಲಿ ಆಗಲ್ಲ."

"ಓಹೋ! ಹೋಗಿ ವಾಪಸ್ ಬರೋಷ್ಟು ಸಾಕು ಅಂತ ನೀವೇ ತೀರ್ಮಾನ ಮಾಡಿಬಿಟ್ರಿ! ಓಡಿಸೋದು ಹೆಂಗಸು, ಇವಳಿಗೆ ಯಾಕೆ ಅಷ್ಟೊಂದು ಅಂತ ತಾನೇ?"

"ಹಾಗಲ್ಲ..."

"ಮತ್ತೆ ಹೇಗೆ? ಹೇಳಿ!"

ಅವನು ಹೇಳಲಿಲ್ಲ. ಅವಳು ಒಂದು ಗಳಿಗೆ ಕಾದಳು. ಒಂದೇ ಒಂದು ಮಾತು ಹೇಳಿದ್ದರೂ ಸಾಕಿತ್ತು...

"ಎಲ್ಲರ ಹಾಗಲ್ಲ ನೀವು ಅಂದ್ಕೊಂಡಿದ್ದೆ. ನನ್ನದೇ ತಪ್ಪು."

ಕೀಲಿಯನ್ನು ಬೆಂಚಿನ ಮೇಲೆಸೆದು ನಡೆದುಬಿಟ್ಟಳು. ತಿರುವು ದಾಟುವ ತನಕ ಹೇಗೋ ತಡೆದುಕೊಂಡಿದ್ದ ಕಣ್ಣೀರು ಆಮೇಲೆ ಅವಳ ಮಾತು ಕೇಳಲಿಲ್ಲ.

*

ಮರುದಿನ ಅಪ್ಪನ ಕಿವಿ ಪರೀಕ್ಷೆ. ಅವರು ಗಾಜಿನ ಕಿಟಕಿಯ ಆ ಕಡೆ, ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ, ಹೆಡ್‌ಫೋನ್ ಹಾಕಿ ಕೂತಿದ್ದರು. ಇವಳು ಈ ಕಡೆ. ಇಬ್ಬರ ಮಾತೂ ಮೈಕಿನಲ್ಲೇ.

ಪರೀಕ್ಷೆ ಮುಗಿಯಿತು. ಮೇಲಿನ ಸ್ವರಗಳ ಗೆರೆ ಇನ್ನೊಂಚೂರು ಇಳಿದಿತ್ತು.

"ಮಗಳೇ, ನನ್ನ ಕಿವಿ ಮೆಷಿನ್ನು ಫುಲ್ ಇಟ್ಟುಬಿಡೇ. ಆ ಟಿವಿಯವರೆಲ್ಲ ಪಿಸುಗುಡ್ತಾರೆ."

"ಫುಲ್ ಇಟ್ರೆ ಕೇಳಿಸಲ್ಲಪ್ಪ, ನೋಯುತ್ತೆ. ಇಷ್ಟಕ್ಕಿಂತ ಮೇಲೆ ಹೋಗದ ಹಾಗೆ ನಾನೇ ಮಿತಿ ಹಾಕಿದ್ದೀನಿ."

"ನನ್ನ ಕೇಳದೇನಾ?"

"ನಿಮ್ಮ ಒಳ್ಳೇದಕ್ಕೆ ತಾನೇ..."

ಅಂದವಳಿಗೆ ತನ್ನ ಮಾತೇ ಚುಚ್ಚಿತು. ಆಮೇಲೆ ತಡೆಯಲಾರದೆ, ಹುಟ್ಟುಹಬ್ಬದ ಗುಟ್ಟನ್ನೂ ಮರೆತು, ಎಲ್ಲವನ್ನೂ ಹೇಳಿಬಿಟ್ಟಳು. ಗ್ಯಾರೇಜು, ಬಳೆ, ಅವನ ಮೌನ. "ನಂಬಿದ್ದೆ ಅಪ್ಪ ನಾನು. ತುಂಬಾ ನಂಬಿದ್ದೆ..."

ಗಾಜಿನಾಚೆ ಅಪ್ಪ ತಲೆ ತಗ್ಗಿಸಿದರು.

"ಆ ಬಳೆ ಮಾಡಿ ಹಾಕಿದ್ದು ನಾನು ಕಣೇ."

"ಏನು?"

"ಇಪ್ಪತ್ತಾರು ವರ್ಷ ಆಯ್ತು. ಆಗ ನಿನಗೆ ಮೂರು. ಟ್ಯಾಂಕ್ ಮೇಲೆ ಕೂರಿಸ್ಕೊಂಡು ಹೋಗಿದ್ದೆ. ನೀನು ಚಪ್ಪಾಳೆ ತಟ್ಕೊಂಡು 'ಇನ್ನೂ ಜೋರು, ಅಪ್ಪ' ಅಂದೆ. ಜೋರು ಮಾಡಿದೆ. 'ಇನ್ನೂ' ಅಂದೆ. ಮಾಡಿದೆ. ನೋಡ್ತೀನಿ, ಮುಳ್ಳು ಒಂಬತ್ತರಲ್ಲಿ! ಗಾಡಿ ನಿಲ್ಲಿಸಿ ರಸ್ತೆ ಪಕ್ಕ ಕೂತುಬಿಟ್ಟೆ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು.

"ನೀನು ಕೇಳಿದ್ರೆ ಇಲ್ಲ ಅನ್ನೋಕೆ ನನ್ನ ಕೈಲಿ ಆಗಲ್ಲ ಅಂತ ಅವತ್ತು ಗೊತ್ತಾಯ್ತು. ಅದಕ್ಕೇ ನನ್ನ ಕೈಗೇ ಸಿಗದ ಹಾಗೆ ಮಾಡಿಬಿಟ್ಟೆ. ಆಮೇಲೆ ಇದ್ದಷ್ಟು ದಿನ ಆರು ಸಾವಿರವೇ."

"ಮತ್ತೆ ಒಂಬತ್ತು ಸಾವಿರ, ಹಾಡು ಅಂತೆಲ್ಲ..."

"ರೇಸ್ ಓಡಿಸಿದ ಅಪ್ಪ ಅಂತ ಸ್ಕೂಲಲ್ಲೆಲ್ಲ ಹೇಳ್ಕೊಂಡು ಬರ್ತಿದ್ದೆ ನೀನು. ಹೇಗೆ ಹೇಳ್ಲಿ? ನಿಮ್ಮಮ್ಮನಿಗೆ ಮಾತ್ರ ಗೊತ್ತು. ಶೆಡ್ ಖಾಲಿ ನೋಡಿ ಆ ಗ್ಯಾರೇಜು ಹುಡುಕ್ಕೊಂಡು ಹೋದೆ. ಅವನು ಬಳೆ ತೊಳೆದು ಬಟ್ಟೆ ಮೇಲಿಟ್ಟಿದ್ದ. ವಾಪಸ್ ಹಾಕಪ್ಪ, ನನ್ನ ಮಗಳಿಗೆ ಹೇಳಬೇಡ ಅಂತ ಕೈ ಹಿಡ್ಕೊಂಡೆ. ಮಾತು ಕೊಟ್ಟ."

ಅಯ್ಯೋ... ಮಾತು ಕೊಟ್ಟಿದ್ದ! ಅಷ್ಟೆಲ್ಲ ಅನ್ನಿಸಿಕೊಂಡರೂ ಬಾಯಿ ಬಿಡಲಿಲ್ಲ!

"ಆದ್ರೆ ಅಪ್ಪ... ಆ ಸದ್ದು ನಿಮಗೆ ಇನ್ನೊಂದು ಸಲ ಕೇಳಿಸಬೇಕು ಅಂತ..."

"ಯಾವುದು, ಒಂಬತ್ತರದ್ದಾ? ನನಗೆ ಬೇಡ ಅದು. ಅದರಲ್ಲಿ ಗಾಳಿ ಬಿಟ್ಟು ಏನೂ ಕೇಳಿಸ್ತಿರಲಿಲ್ಲ. ಆರು ಸಾವಿರದಲ್ಲಿ ನಿನ್ನ ನಗು ಕೇಳಿಸ್ತಿತ್ತು ಕಣೇ."

ಅವಳು ಮೈಕು ಬಿಟ್ಟು ಎದ್ದಳು. ಆ ದಪ್ಪ ಬಾಗಿಲು ತೆಗೆದು ಒಳಗೆ ಹೋಗಿ ಅಪ್ಪನನ್ನು ತಬ್ಬಿಕೊಂಡಳು. ಬಾಲ್ಯದಲ್ಲಿ ತಾನು ಹಾರಿದ್ದೆಲ್ಲ ಅಪ್ಪ ಹಿಡಿದಿಟ್ಟ ವೇಗದಲ್ಲಿ ಎಂದು ಅವಳಿಗೆ ಈಗ ತಿಳಿದಿತ್ತು. ಆದರೂ ಆ ನೆನಪಿನ ವೇಗ ಒಂದಿಷ್ಟೂ ಕಡಿಮೆಯಾಗಲಿಲ್ಲ.

"ಥ್ಯಾಂಕ್ಸ್ ಅಪ್ಪ" ಎಂದಳು. ಇಷ್ಟು ವರ್ಷಕ್ಕೆ ಎಷ್ಟು ಚಿಕ್ಕ ಮಾತು!

"ನನಗೆ ಆಮೇಲೆ ಹೇಳು. ಮೊದಲು ಅಲ್ಲಿಗೆ ಹೋಗು. ಊಟ ಬಿಟ್ಟು ಕೂತಿದ್ದಾನೋ ಏನೋ ಪಾಪ!"

*

ಗ್ಯಾರೇಜಿನಲ್ಲಿ ಅವನು ಬೆನ್ನು ತಿರುಗಿಸಿ ಕೂತಿದ್ದ. ಪಕ್ಕದಲ್ಲಿ ಯಾರದೋ ಎಂಜಿನ್ ಗುಡುಗುಡು ಎನ್ನುತ್ತಿತ್ತು. ಕಿವಿಯಲ್ಲಿ ಅವಳು ಕೊಟ್ಟ ಪ್ಲಗ್ಗುಗಳು. ಅಷ್ಟು ಬೈಸಿಕೊಂಡ ಮೇಲೂ ಹಾಕಿಕೊಂಡಿದ್ದಾನಲ್ಲ!

ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ಹೇಗೂ ಕೇಳಿಸಲಾರದು ಎಂದುಕೊಂಡು ಆ ಬೆನ್ನಿಗೇ ಹೇಳಿದಳು.

"ಅಪ್ಪ ಎಲ್ಲಾ ಹೇಳಿದ್ರು. ಏನೇನೋ ಅಂದುಬಿಟ್ಟೆ ನಿಮಗೆ... ಕ್ಷಮಿಸಿ. ಅವರ ಗುಟ್ಟು ಕಾಪಾಡಿದ್ದಕ್ಕೆ ನಾನು ನಿಮಗೆ ಋಣಿ." ಒಂದು ಹೆಜ್ಜೆ ಮುಂದಿಟ್ಟಳು. "ಇನ್ನೊಂದಿದೆ. ವಾರಕ್ಕೆ ಮೂರು ಸಲ ನಾನು ಬಂದಿದ್ದು ಗಾಡಿ ನೋಡೋಕಲ್ಲ. ನಿಮ್ಮನ್ನ ನೋಡೋಕೆ. ನೀವಂದ್ರೆ ನನಗೆ... ತುಂಬಾ ಇಷ್ಟ."

ಅವನು ಕೈ ಚಾಚಿ ಎಂಜಿನ್ ಆರಿಸಿದ. ಮೆಲ್ಲಗೆ ತಿರುಗಿದ. ಕಿವಿಯ ತುದಿಗಳೆರಡೂ ಕೆಂಪಾಗಿದ್ದವು.

"ಕೇಳಿಸ್ತಾ?" ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಸದ್ದನ್ನ ತಗ್ಗಿಸುತ್ತೆ, ಮಾತನ್ನ ಒಳಗೆ ಬಿಡುತ್ತೆ ಅಂತ ಹೇಳಿದ್ದು ನೀವೇ ಅಲ್ವಾ, ಕಿವಿ ಡಾಕ್ಟ್ರೇ?"

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಈ ಕೆಲಸ ಆರು ವಾರದ್ದಲ್ಲ. ಮೂರು ವಾರಕ್ಕೇ ಮುಗೀತಿತ್ತು" ಎಂದ ಅವನು. "ನಿಮ್ಮ ತಂದೆಗೆ ಕೊಟ್ಟ ಮಾತು ಒಂದು. ಅದು ಬಿಟ್ಟು ನಾನು ಬಚ್ಚಿಟ್ಟಿದ್ದು ಇದೊಂದೇ."

ಬೆರಳುಗಳ ಸಂದಿಯಿಂದ ಅವಳು ಅವನನ್ನು ನೋಡಿದಳು. ಗುಮ್ಮನಗುಸಕ ಬಾಯಿ ತುಂಬ ನಗುತ್ತಿದ್ದ!

*

ಹುಟ್ಟುಹಬ್ಬದ ಬೆಳಗ್ಗೆ ಕೆರೆಯ ರಸ್ತೆಯಲ್ಲಿ ಹಾಡಿದ್ದು ಆರು ಸಾವಿರದ ಸದ್ದೇ. ಬಳೆಗಳು ಇದ್ದಲ್ಲೇ ಇದ್ದವು. ಮುಂದೆ ಅವಳು, ಹಿಂದೆ ಅಪ್ಪ. ಅಮ್ಮನೂ ಅವನೂ ರಸ್ತೆಬದಿಯಲ್ಲಿ ಕಾಯುತ್ತಿದ್ದರು.

ಎರಡನೆಯ ಸುತ್ತಿನಲ್ಲಿ ಅಪ್ಪ ಅವಳ ಹೆಗಲು ತಟ್ಟಿದರು.

"ಇನ್ನೂ ಜೋರು, ಮಗಳೇ!"

"ಇದಕ್ಕಿಂತ ಆಗಲ್ಲಪ್ಪ! ಯಾರೋ ಬಳೆ ಹಾಕಿಟ್ಟಿದ್ದಾರೆ!"

ಅಪ್ಪ ಗಹಗಹಿಸಿ ನಕ್ಕರು. ಆ ನಗು ಎಂಜಿನ್ ಸದ್ದನ್ನು ಮೀರಿ, ಹೆಲ್ಮೆಟ್ಟನ್ನೂ ದಾಟಿ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳ ಕಣ್ಣು ತುಂಬಿ ಬಂತು. ಇದನ್ನು ಕೊಟ್ಟ ಎಲ್ಲರಿಗೂ, ಎಲ್ಲದಕ್ಕೂ, ಆ ಎರಡು ಹಿತ್ತಾಳೆ ಬಳೆಗಳಿಗೂ ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಗಾಡಿ ನಿಂತಿತು. ಅಮ್ಮ ಅಪ್ಪನ ಕೈ ಹಿಡಿದು ನೆರಳಿಗೆ ಕರೆದುಕೊಂಡು ಹೋದರು. ಅವನು ಹತ್ತಿರ ಬಂದು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ.

"ಸಾಕಾಯ್ತಾ ಪವರ್ರು?"

"ಹೋಗಿ, ವಾಪಸ್ ಬರೋಷ್ಟು ಇತ್ತು."

"ಬಂದ್ರಲ್ಲ..."

"ಬಂದೆ" ಎಂದು ಅವಳು ಅವನ ಗ್ರೀಸು ಮೆತ್ತಿದ ಕೈಯನ್ನು ಹಿಡಿದುಕೊಂಡಳು. "ನೀವಿದ್ದೀರಲ್ಲ ಇಲ್ಲಿ."