ವಿವರಣೆ ಇಲ್ಲದ ಚಿತ್ರ

"ಚಿತ್ರ. ವಿವರಣೆ ಇಲ್ಲ."

ಫೋನು ಒಂಬತ್ತನೇ ಸಲವೂ ಅದನ್ನೇ ಹೇಳಿತು. ಲಾಯರಮ್ಮನಿಗೆ ಅದನ್ನು ಗೋಡೆಗೆ ಎಸೆಯೋಣ ಎನಿಸಿತು. ಆದರೆ ಫೋನಿನದೇನು ತಪ್ಪು? ಕಣ್ಣು ಕಾಣದವಳಿಗೆ ಪರದೆ ಓದಿ ಹೇಳುವುದಷ್ಟೇ ಅದರ ಕೆಲಸ. ಬರೆದದ್ದನ್ನು ಫೋಟೋ ಹೊಡೆದು ಕಳಿಸಿದರೆ ಅದಾದರೂ ಏನು ಮಾಡೀತು.

ಈಮೇಲಿನ ತಲೆಬರಹ ಮಾತ್ರ ಸ್ಪಷ್ಟವಾಗಿತ್ತು: ರಾಜೀನಾಮೆ. ಕೆಳಗೆ ಒಂದು ಫೋಟೋ. ಅಕ್ಷರ ಗುರುತಿಸುವ ಆ್ಯಪ್‌ಗೆ ಹಾಕಿ ನೋಡಿದ್ದಳು. ಅವನ ಕೈಬರಹ ಕಂಡು ಅದೂ ಕೈಚೆಲ್ಲಿತ್ತು.

ಕಳಿಸಿದವನು ಬೇರೆ ಯಾರೂ ಅಲ್ಲ, ಅಂಗವಿಕಲರ ಹಕ್ಕುಗಳ ಸಂಸ್ಥೆಯ ಕಾರ್ಯದರ್ಶಿ. ಫೋಟೋ ಹೊಡೆದ ಕಾಗದ ಕಳಿಸುವ ಕಚೇರಿಗಳಿಗೆಲ್ಲ "ಕಣ್ಣು ಕಾಣದವರು ಇದನ್ನ ಹೇಗೆ ಓದಬೇಕು ಸ್ವಾಮಿ?" ಎಂದು ಬಿಸಿ ಮುಟ್ಟಿಸಿದ ಮಹಾನುಭಾವ. ಅವಳು ಅದೇ ಸಂಸ್ಥೆಯ ಅಧ್ಯಕ್ಷೆ.

"ಕೊಡಕ್ಕಾ, ಎರಡು ನಿಮಿಷದಲ್ಲಿ ಓದಿ ಹೇಳ್ತೀನಿ," ಎಂದಳು ತಂಗಿ.

"ಬೇಡ. ಅದು ಆಫೀಸಿನ ಕಾಗದ."

"ಆಫೀಸಿನ ಕಾಗದಕ್ಕೆ ಎಂಟು ದಿನದಿಂದ ಊಟ ಸೇರ್ತಿಲ್ವಾ?"

ಲಾಯರಮ್ಮ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಅವನು ಬಿಟ್ಟು ಹೋಗುವುದಕ್ಕೆ ಕಾರಣ ತಾನೇ ಎಂದು ಆ ಪತ್ರದಲ್ಲಿದ್ದರೆ, ಅದನ್ನು ತಂಗಿಯ ಬಾಯಲ್ಲಿ ಕೇಳುವ ಶಕ್ತಿ ಅವಳಿಗಿರಲಿಲ್ಲ. ಕೇಳುವುದಾದರೆ ಅವನ ದನಿಯಲ್ಲೇ ಕೇಳಬೇಕು. ಅವನೋ, ಎಂಟು ದಿನದಿಂದ ಒಂದು ಫೋನೂ ಮಾಡಿರಲಿಲ್ಲ.

ಕಳೆದ ಸಭೆ ಮುಗಿದ ಮೇಲೆ ಎಂದಿನಂತೆ ಇಬ್ಬರೂ ಬಸ್ ಸ್ಟಾಪಿಗೆ ಹೊರಟಿದ್ದರು. ಅವನದು ಬ್ಯಾಟರಿಯ ಗಾಲಿಕುರ್ಚಿ. ಅವಳು ಅದರ ಹಿಡಿಯ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಡೆಯುತ್ತಿದ್ದಳು. ಕುರುಡನ ಹೆಗಲ ಮೇಲೆ ಕುಂಟ ಕೂತ ಹಳೇ ಕಥೆಯನ್ನು ದಾರಿಯಲ್ಲಿ ಯಾರಾದರೂ ತೆಗೆದರೆ, "ನಮ್ಮದರಲ್ಲಿ ಮೋಟರ್ ಇದೆ, ಯಾರೂ ಯಾರನ್ನೂ ಹೊತ್ಕೊಂಡಿಲ್ಲ," ಎಂದು ಅವನು ಹೇಳುತ್ತಿದ್ದ. ಎಲ್ಲಿ ರ‍್ಯಾಂಪ್ ಕಂಡರೂ ಜೇಬಿನಿಂದ ಮಟ್ಟಗೋಲು ತೆಗೆದು ಇಳಿಜಾರು ಅಳೆಯುವ ಕಟ್ಟಡದ ಎಂಜಿನಿಯರ್ ಅವನು. ಮಂಡಳಿಯವರು ಅವನಿಗೆ ಮಟ್ಟಗೋಲು ಎಂದೇ ಹೆಸರಿಟ್ಟಿದ್ದರು.

ಆವತ್ತು ಅವಳ ಮನಸ್ಸು ಹಗುರವಾಗಿತ್ತು. ರ‍್ಯಾಂಪ್ ಇದ್ದ ಹಳೇ ಬಸ್ಸುಗಳ ಬದಲು ಊರಿಗೆ ಬರುತ್ತಿದ್ದ ಹೊಸ ಬಸ್ಸುಗಳಿಗೆ ಎತ್ತರದ ಮೆಟ್ಟಿಲು, ಸ್ಟಾಪಿನ ಹೆಸರು ಕೂಗುವ ದನಿಯೂ ಇಲ್ಲ. ಕೋರ್ಟಿಗೆ ಹೋಗೋಣ ಎಂದು ಅವಳು, ಮೊದಲು ಕೂತು ಮಾತಾಡೋಣ ಎಂದು ಇನ್ನು ಕೆಲವರು. ಕೊನೆಗೆ ಮೂರಕ್ಕೆ ಎರಡು ಮತಗಳಿಂದ ಅವಳೇ ಗೆದ್ದಳು. ಮೂರನೇ ಮತ ಅವನದು.

"ನಿಮ್ಮ ವೋಟು ನನ್ನ ಕಡೆ ಬಂತಲ್ಲ! ನನ್ನ ವಾದ ಅಷ್ಟು ಚೆನ್ನಾಗಿತ್ತಾ?" ಎಂದು ನಗುತ್ತ ಅವನ ಕೈ ಹಿಡಿದುಕೊಂಡಿದ್ದಳು. ಕುಲುಕಿ ಬಿಡಬೇಕಾದ ಕೈಯನ್ನು ಬಿಡಲು ಮರೆತಿದ್ದಳು. ಅವನು ಕೈ ಎಳೆದುಕೊಳ್ಳಲಿಲ್ಲ, ಆದರೆ ಮಾತೂ ಆಡಲಿಲ್ಲ. ಬಸ್ ಬಂತು. ಮರುದಿನ ರಾಜೀನಾಮೆ ಬಂತು.

ಕೈ ಹಿಡಿದದ್ದೇ ತಪ್ಪಾಯಿತು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

*

ಸಭೆ ಬೆಳಗ್ಗೆ ಹತ್ತೂವರೆಗೆ. ಉದ್ದ ಮೇಜು, ಫ್ಲಾಸ್ಕಿನಲ್ಲಿ ಚಹಾ, ಗಾಲಿಕುರ್ಚಿಗೆಂದು ಒಂದು ಕಡೆ ಖಾಲಿ ಜಾಗ. ಮಾತಾಡುವವರು ಮೊದಲು ತಾವು ಯಾರೆಂದು ಹೇಳಬೇಕು, ಇದು ಅಧ್ಯಕ್ಷೆಗೋಸ್ಕರ ಇದ್ದ ನಿಯಮ. ಟೈಲರಣ್ಣನಿಗೆ ಕಿವಿ ಕೇಳುವುದಿಲ್ಲ, ಅವರ ಸೊಸೆ ಪಕ್ಕದಲ್ಲಿ ಕೂತು ಎಲ್ಲವನ್ನೂ ಸನ್ನೆಭಾಷೆಗೆ ತಿರುಗಿಸುತ್ತಿದ್ದಳು. ಗಣಿತದ ಮೇಷ್ಟ್ರು ಕೃತಕ ಕಾಲನ್ನು ಬಿಚ್ಚಿ ಮೇಜಿಗೆ ಒರಗಿಸಿ ಆರಾಮಾಗಿ ಕೂರುತ್ತಿದ್ದರು. ಇನ್ನು ಬೇಕರಿ ಅಕ್ಕ. ಓದು, ಕಲಿಕೆ ಅವಳಿಗೆ ನಿಧಾನ. ಯಾರಾದರೂ ಕಷ್ಟದ ಮಾತಾಡಿದರೆ ಅವಳ ಹತ್ತಿರ ಒಂದು ಕೆಂಪು ಕಾರ್ಡ್ ಇತ್ತು. ಎತ್ತಿ ತೋರಿಸಿದರೆ ಅಧ್ಯಕ್ಷೆಗೆ ಕಾಣದು ಎಂದು ಅವಳು ಅದನ್ನು ಮೇಜಿಗೆ ಫಟ್ಟೆಂದು ಬಡಿಯುತ್ತಿದ್ದಳು. ಕಾರ್ಡ್ ಬಿದ್ದರೆ, ಎಂಥ ಪಂಡಿತರೂ ಹೇಳಿದ್ದನ್ನು ಸರಳ ಮಾಡಿ ಮತ್ತೆ ಹೇಳಲೇಬೇಕು.

"ಅಧ್ಯಕ್ಷೆ ಮಾತಾಡ್ತಿದ್ದೀನಿ," ಎಂದಳು ಲಾಯರಮ್ಮ. ದನಿಯನ್ನು ಕಷ್ಟಪಟ್ಟು ಗಟ್ಟಿಯಾಗಿಟ್ಟುಕೊಂಡಿದ್ದಳು. "ಮೊದಲನೇ ವಿಷಯ, ಕಾರ್ಯದರ್ಶಿಗಳ ರಾಜೀನಾಮೆ. ಇದನ್ನ ತಗೊಳ್ಳೋಕಾಗಲ್ಲ."

"ಯಾಕೆ?"

"ಯಾರು ಮಾತಾಡ್ತಿರೋದು?" ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಕಾರ್ಯದರ್ಶಿ. ಯಾಕೆ ಆಗಲ್ಲ?"

"ಐದು ಜನರಲ್ಲಿ ಒಬ್ಬರಿಗೆ ಓದೋಕಾಗದಿದ್ರೂ ಆ ಕಾಗದ ಈ ಮೇಜಿನ ಮೇಲೆ ಬರಬಾರದು ಅಂತ ನಿಯಮ ಇದೆ. ಆ ನಿಯಮ ಬರೆದೋರು ಯಾರು ಅಂತ ಜ್ಞಾಪಕ ಇದೆಯಾ?"

"ನಾನೇ."

"ನೀವು ಕಳಿಸಿದ್ದು ಫೋಟೋ."

"ಇಲ್ಲಪ್ಪ, ಟೈಪ್ ಮಾಡಿದ್ದು ಕಳಿಸಿದ್ದೀನಿ. ಎರಡೇ ಸಾಲು. ಸ್ವಂತ ಕಾರಣಗಳಿಂದ..." ಮಾತು ಅರ್ಧಕ್ಕೇ ನಿಂತಿತು. ಫೋನಿನ ಮೇಲೆ ಬೆರಳಾಡುವ ಸದ್ದು. ಆಮೇಲೆ ತೀರ ಸಣ್ಣದಾಗಿ, "ಅಯ್ಯೋ."

ಮೊದಲು ಮನಸ್ಸಿನಲ್ಲಿದ್ದದ್ದನ್ನೆಲ್ಲ ಕೈಯಲ್ಲಿ ಬರೆದುಕೊಂಡಿದ್ದ. ಹರಿದು ಹಾಕುವ ಮುಂಚೆ ಒಂದು ಫೋಟೋ ಇಟ್ಟುಕೊಂಡಿದ್ದ. ನಂತರ ಲಕ್ಷಣವಾಗಿ ಎರಡು ಸಾಲು ಟೈಪ್ ಮಾಡಿದ್ದ. ಕಳಿಸುವಾಗ ಹೆಬ್ಬೆರಳು ಮೋಸ ಮಾಡಿತ್ತು.

"ಈಮೇಲು ಎಲ್ಲರಿಗೂ ಬಂದಿತ್ತಲ್ಲ, ಈ ಫೋಟೋನ ಯಾರ್ಯಾರು ಓದಿದ್ದೀರಿ?" ಎಂದು ಅಧ್ಯಕ್ಷೆ ಕೇಳಿದಳು.

ಯಾರೋ ಕೆಮ್ಮಿದರು.

"ಮೇಷ್ಟ್ರು ಹೇಳ್ತಿರೋದು. ಓದಿದೆ."

"ಬೇಕರಿ ಅಕ್ಕ. ಮೂರು ಸಲ ಓದಿದೆ. ಚೆನ್ನಾಗಿತ್ತು."

"ಟೈಲರಣ್ಣ ಹೇಳ್ತಿದ್ದಾರೆ," ಎಂದಳು ಸೊಸೆ. "ಓದಿದೆ. ನಿಮಗೂ ಗೊತ್ತಿರುತ್ತೆ, ಇದು ನಿಮ್ಮಿಬ್ಬರ ವಿಷಯ ಅಂದ್ಕೊಂಡು ಬಾಯಿ ಮುಚ್ಕೊಂಡಿದ್ದೆ."

ಲಾಯರಮ್ಮನ ಮುಖ ಕೆಂಪಾಯಿತು. "ಅಂದ್ರೆ ನಾಲ್ಕು ಜನಕ್ಕೂ ಗೊತ್ತಿರೋದು ನನಗೊಬ್ಬಳಿಗೆ ಗೊತ್ತಿಲ್ಲ! ಒಬ್ಬರಿಗಾದ್ರೂ ಹೊಳೀಲಿಲ್ವಾ, ಇವಳು ಇದನ್ನ ಹೇಗೆ ಓದ್ತಾಳೆ ಅಂತ? ಊರಿಗೆಲ್ಲ ಬುದ್ಧಿ ಹೇಳೋರು ನಾವು!"

ಯಾರಿಗೂ ತಲೆ ಎತ್ತಲಾಗಲಿಲ್ಲ. ಸಿಟ್ಟು ನ್ಯಾಯವಾದದ್ದೇ.

"ತಪ್ಪು ನನ್ನದು," ಎಂದ ಅವನು. "ಕಾರ್ಯದರ್ಶಿ ಹೇಳ್ತಿದ್ದೀನಿ. ದಯವಿಟ್ಟು ಕ್ಷಮಿಸಿ. ಹೊರಗೆ ಬನ್ನಿ, ನಿಮಗೊಬ್ಬರಿಗೇ ಓದಿ ಹೇಳ್ತೀನಿ."

"ಊರೆಲ್ಲ ಓದಿಯಾಯ್ತು. ಇನ್ನು ಮುಚ್ಚಿಡೋಕೇನಿದೆ? ಇಲ್ಲೇ ಓದಿ."

ಅವನು ಫೋನು ನೋಡಿ ಓದತೊಡಗಿದ.

"‘ಮಾನ್ಯ ಅಧ್ಯಕ್ಷರೇ, ನಿನ್ನೆಯ ಸಭೆಯಲ್ಲಿ ಕೋರ್ಟಿಗೆ ಹೋಗುವ ಪರವಾಗಿ ನಾನು ಮತ ಹಾಕಿದೆ. ಅದು ಸರಿಯೆಂದು ನನಗೆ ಅನ್ನಿಸಿರಲಿಲ್ಲ. ನೀವು ಮಾತಾಡುವಾಗ ನಾನು ವಾದ ಕೇಳುತ್ತಿರಲಿಲ್ಲ, ದನಿ ಕೇಳುತ್ತಿದ್ದೆ. ಸಾವಿರಾರು ಜನ ಬಸ್ ಹತ್ತುವ ವಿಷಯದಲ್ಲಿ ಹಾಗೆ ಮತ ಹಾಕಿದವನು ಈ ಮಂಡಳಿಯಲ್ಲಿ ಕೂರಬಾರದು. ಮಂಡಳಿಯ ಕಾರ್ಯಕಲಾಪಗಳಲ್ಲಿ ನನಗೊಂದು ವೈಯಕ್ತಿಕ ಹಿತಾಸಕ್ತಿ ಉಂಟಾಗಿರುವುದರಿಂದ...’"

ಫಟ್! ಕೆಂಪು ಕಾರ್ಡ್ ಮೇಜಿಗೆ ಬಿತ್ತು.

"ಬೇಕರಿ ಅಕ್ಕ. ಅರ್ಥ ಆಗಲಿಲ್ಲ."

"ಮೂರು ಸಲ ಓದಿದೆ ಅಂದ್ಯಲ್ಲಮ್ಮ," ಎಂದರು ಮೇಷ್ಟ್ರು.

"ಆಗ ಅರ್ಥ ಆಗಿತ್ತು. ಈಗ ಆಗ್ತಿಲ್ಲ. ಸುಲಭವಾಗಿ ಹೇಳ್ಲಿ."

ನಿಯಮ ಅಂದಮೇಲೆ ನಿಯಮ. ಅವನು ಒಂದು ಉಸಿರು ತೆಗೆದುಕೊಂಡ. "ನನಗೆ ಅಧ್ಯಕ್ಷರು ಅಂದ್ರೆ ಇಷ್ಟ."

ಫಟ್!

"ಎಲ್ರಿಗೂ ಇಷ್ಟ. ನಂಗೂ ಇಷ್ಟ. ಅದಕ್ಕೆ ಯಾಕೆ ಬಿಟ್ಟು ಹೋಗ್ಬೇಕು?"

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ..."

"ಸುಲಭವಾಗಿ!"

"ನಾನು ಇವರನ್ನ ಪ್ರೀತಿಸ್ತೀನಿ," ಎಂದ ಅವನು. "ಎರಡು ವರ್ಷ ಆಯ್ತು. ಬುಧವಾರ ಸಭೆ ಇದ್ರೆ ಸೋಮವಾರದಿಂದಲೇ ಖುಷಿ. ಬಸ್ ಲೇಟಾಗಲಿ ಅಂತ ಬೇಡ್ಕೋತೀನಿ. ಬಸ್ಸಿನ ವಿಷಯದಲ್ಲಿ ಹೋರಾಡೋ ಸಂಸ್ಥೆಯ ಕಾರ್ಯದರ್ಶಿ ನಾನು."

ಈ ಸಲ ಕಾರ್ಡ್ ಬೀಳಲಿಲ್ಲ. ಸನ್ನೆಗೆ ತಿರುಗಿಸುವವರು ನಗಬಾರದೆಂಬ ಕಟ್ಟಳೆ ಮುರಿದು ಸೊಸೆ ಕಿಸಕ್ಕೆಂದಳು.

ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಒಂದೇ ಏಟಿಗೆ ಎದ್ದು ಹೋದದ್ದು ಲಾಯರಮ್ಮನಿಗೆ ತಿಳಿಯಿತು. ಅವನು ಕೈ ಕೊಡವಿಕೊಂಡು ಹೋಗಿರಲಿಲ್ಲ. ಅವಳಿಗೆ ಅಳು ಬಂತು, ನಗುವೂ ಬಂತು, ಜೊತೆಗೆ ಭಯಂಕರ ಹಸಿವೂ ಆಯಿತು.

"ಅಧ್ಯಕ್ಷೆ ಮಾತಾಡ್ತಿದ್ದೀನಿ," ಎಂದಳು. ಗಟ್ಟಿ ದನಿ ಈಗ ಎಲ್ಲೋ ಓಡಿಹೋಗಿತ್ತು. "ನನ್ನ ಕಡೆಯಿಂದಲೂ... ಸದರಿ ವಿಷಯದಲ್ಲಿ... ಅದೇ ರೀತಿಯ..."

ಫಟ್!

"ನಂಗೂ ಇವರಂದ್ರೆ ಪ್ರಾಣ!"

"ಹಾಂ," ಎಂದಳು ಬೇಕರಿ ಅಕ್ಕ. "ಈಗ ಅರ್ಥ ಆಯ್ತು."

*

ಯಾವುದಾದರೂ ವಿಷಯದಲ್ಲಿ ಸ್ವಂತ ಹಿತ ಇರುವವರು ಅದನ್ನು ಒಪ್ಪಿಕೊಂಡು ಹೊರಗೆ ಹೋಗಬೇಕು, ಉಳಿದವರು ನಿರ್ಧರಿಸಬೇಕು ಎಂದು ಮೇಷ್ಟ್ರು ನಿಯಮ ಓದಿದರು. ಬಸ್ಸಿನ ಮತವನ್ನು ಮತ್ತೆ ಹಾಕಬೇಕಾಯಿತು. ಹೋಂವರ್ಕ್ ಮಾಡದ ಮಕ್ಕಳ ಹಾಗೆ ಇಬ್ಬರೂ ಹೊರಗಿನ ಪಡಸಾಲೆಗೆ ಬಂದರು.

"ಒಂದು ಫೋನ್ ಮಾಡೋಕೆ ಏನಾಗಿತ್ತು?" ಎಂದಳು.

"ನೀವು ಎರಡು ಸಾಲು ಓದಿ ಒಪ್ಕೊಂಡಿದ್ದೀರಿ ಅಂದ್ಕೊಂಡೆ. ಎಂಟು ದಿನ ನೀವೂ ಸುಮ್ಮನಿದ್ರಿ."

"ನಾನು ಕೈ ಹಿಡಿದಿದ್ದು ನಿಮಗೆ ಹಿಡಿಸಲಿಲ್ಲ ಅಂದ್ಕೊಂಡೆ."

"ಹಿಡಿಸದೇ ಇರೋದಾ? ಆವತ್ತು ಇಳೀಬೇಕಾದ ಸ್ಟಾಪ್ ಬಿಟ್ಟು ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ."

ಅವಳು ನಕ್ಕಳು. ಅವನು ಆ ನಗುವನ್ನೇ ನೋಡುತ್ತ ಕೂತ. ನೋಡುತ್ತಿದ್ದಾನೆ ಎಂದು ಅವಳಿಗೂ ಗೊತ್ತಿತ್ತು. ಅವನ ಕುರ್ಚಿಯ ಮೋಟರ್ ಗುರ್ ಎನ್ನುವುದು ನಿಂತರೆ ಅವನು ನೋಡುತ್ತಿದ್ದಾನೆ ಎಂದೇ ಅರ್ಥ. ಎರಡು ವರ್ಷದಿಂದ ಅವಳು ಅದನ್ನು ಗಮನಿಸಿದ್ದಳು.

"ಗಂಡ ಹೆಂಡತಿ ಇಬ್ಬರೂ ಮಂಡಳಿಯಲ್ಲಿ ಇರೋ ಹಾಗಿಲ್ಲ," ಎಂದ ಅವನು ಮೆಲ್ಲಗೆ.

"ಆಗಲೇ ಅಲ್ಲಿಗೆ ಹೋದ್ರಾ?"

ಅವನು ತಡಬಡಾಯಿಸಿದ.

"ಮೂರು ತಿಂಗಳಿಗೆ ನನ್ನ ಅವಧಿ ಮುಗಿಯುತ್ತೆ," ಎಂದಳು ಅವಳು. "ಮತ್ತೆ ನಿಲ್ಲಲ್ಲ ಅಂತ ಯಾವತ್ತೋ ತೀರ್ಮಾನ ಮಾಡಿದ್ದೀನಿ. ನೀವು ಎಲ್ಲೂ ಹೋಗ್ಬೇಕಾಗಿಲ್ಲ. ಅಷ್ಟಕ್ಕೂ ನಿಮ್ಮ ರಾಜೀನಾಮೆ ಮೇಜಿನ ಮೇಲೆ ಬಂದೇ ಇಲ್ಲವಲ್ಲ!"

ಅವನು ದೊಡ್ಡದಾಗಿ ಉಸಿರುಬಿಟ್ಟ. ಸಂಸ್ಥೆಯೋ ಅವಳೋ ಎಂದು ಎಂಟು ದಿನ ಒದ್ದಾಡಿದವನು ಅವನು.

ಬಾಗಿಲು ತೆರೆಯಿತು. "ಬೇಕರಿ ಅಕ್ಕ ಹೇಳ್ತಿರೋದು. ಮೊದಲು ಒಂದು ತಿಂಗಳು ಮಾತಾಡೋದು. ಕೇಳದಿದ್ರೆ ಕೋರ್ಟು. ಮೂರೂ ಜನ ಹ್ಞೂಂ ಅಂದ್ವಿ. ನೀವಿಬ್ರೂ ಇಲ್ದಿದ್ರೆ ಕೆಲಸ ಬೇಗ ಆಗುತ್ತೆ."

ಅಧ್ಯಕ್ಷೆ ಸೋತಿದ್ದಳು. ಸೋತದ್ದಕ್ಕೆ ಇಷ್ಟು ಹಾಯೆನಿಸಿದ್ದು ಅವಳ ಲಾಯರ್ ಜೀವನದಲ್ಲಿ ಇದೇ ಮೊದಲು.

ಸಭೆ ಮುಗಿದು ಎಲ್ಲರೂ ಏಳುವಾಗ ಟೈಲರಣ್ಣ ಅವಳ ಭುಜ ತಟ್ಟಿದರು. ಸೊಸೆ ಕಿವಿಯ ಹತ್ತಿರ ಬಂದು ದನಿಯಾದಳು: "ಪತ್ರದಲ್ಲಿ ಹನ್ನೆರಡು ಸಾಲು ಇದೆ. ಅವನು ಪೂರ್ತಿ ಓದಲಿಲ್ಲ. ಕೊನೇ ಸಾಲು ಬಿಡಬೇಡಿ."

*

ಬಸ್ ಸ್ಟಾಪಿನಲ್ಲಿ ಮಧ್ಯಾಹ್ನದ ಬಿಸಿಲು. ಬೆಂಚಿನ ಮೇಲೆ ಯಾರೂ ಇರಲಿಲ್ಲ.

"ಆ ಚಿತ್ರದ ವಿವರಣೆ ಕೊಡಿ," ಎಂದಳು. "ನಿಯಮದ ಪ್ರಕಾರ, ಪೂರ್ತಿ."

"ಗೆರೆ ಇಲ್ಲದ ಹಾಳೆ. ಒಂದು ಮೂಲೆಯಲ್ಲಿ ಚಹಾದ ಲೋಟದ ಗುರುತು. ಬಲಗಡೆ ನನ್ನ ಹೆಬ್ಬೆರಳು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು."

"ಕೊನೇ ಸಾಲು?"

ಅವನು ಫೋನು ತೆಗೆದು ಮೆಲ್ಲಗೆ ಓದಿದ.

"‘ನಾನು ಕಾರ್ಯದರ್ಶಿ ಅಲ್ಲದಿದ್ದರೂ, ಬುಧವಾರ ಬಸ್ ಸ್ಟಾಪಿನ ತನಕ ಜೊತೆಗೆ ಬರುತ್ತೀರಾ?’"

ಅವಳ ಕೈ ಎಂದಿನಂತೆ ಕುರ್ಚಿಯ ಹಿಡಿಯ ಮೇಲಿತ್ತು. ಅದನ್ನು ಅಲ್ಲಿಂದ ತೆಗೆದು ಅವನ ಹೆಗಲ ಮೇಲಿಟ್ಟಳು.

"ಬುಧವಾರ ಮಾತ್ರಾನಾ?" ಎಂದಳು.

ಬಸ್ ಬಂತು. ಯಾವ ನಂಬರ್ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅದು ಸ್ವಲ್ಪ ಹೊತ್ತು ನಿಂತು, ಇವರಿಬ್ಬರನ್ನೂ ಬಿಟ್ಟು ಹೊರಟುಹೋಯಿತು.