ಗ್ಲೈಡರಿನ ಬ್ಯಾಟರಿ ಉಬ್ಬಿದ್ದು ಹೇಗೆ?

ಬ್ಯಾಟರಿ ಪುಟ್ಟ ದಿಂಬಿನಂತೆ ಉಬ್ಬಿತ್ತು!

ಅಣ್ಣ ಅದನ್ನು ಕಪಾಟಿನಿಂದ ತೆಗೆದವನು ಹಾಗೇ ನಿಂತುಬಿಟ್ಟ. ಎಂಟು ತಿಂಗಳು ಕೂತು ಕಟ್ಟಿದ ಗ್ಲೈಡರ್ ಮೇಜಿನ ಮೇಲೆ ರೆಕ್ಕೆ ಚಾಚಿ ಮಲಗಿತ್ತು. ಕಿಟಕಿಯ ಬಿಸಿಲು ಅದರ ತೆಳು ಮೈಯೊಳಗೆ ಹಾಲಿನಂತೆ ಇಳಿಯುತ್ತಿತ್ತು. ಇವತ್ತೇ ಮೊದಲ ಹಾರಾಟ.

“ಗಾಳಿಪಟಂದೇ ಕೆಲಸ! ಮೂರು ವಾರದ ಹಿಂದೆ ಬಂದಾಗ ನನ್ನ ಹೊಸದನ್ನ ಎತ್ಕೊಂಡು ಅವನ ಹಳೇದಿಟ್ಟಿದಾನೆ.”

ಗಾಳಿಪಟ ಅಂದರೆ ಅಣ್ಣನ ಬಾಲ್ಯದ ಗೆಳೆಯ. ಪಾಪ, ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ತನ್ನ ಬ್ಯಾಟರಿ ಹಿಡಿದು. “ಇದನ್ನ ಹಾಕ್ಕೊಳ್ಳೋ. ಅಳತೆ, ತೂಕ ಎಲ್ಲಾ ಒಂದೇ.”

“ನಿನ್ನ ನಂಬಿ ಗ್ಲೈಡರ್ ಸುಟ್ಕೊಳ್ಳಲಾ? ನನ್ನ ಕಣ್ಮುಂದೆ ಇನ್ಮೇಲೆ ಬರ್ಬೇಡ. ಉಬ್ಬಿದ್ದನ್ನೇ ಹಾಕ್ತೀನಿ!”

“ಹಾಕು. ಮೇಲೆ ಹೋಗೋದು ಹೊಗೆ ಮಾತ್ರ,” ಎಂದಳು ಅಕ್ಕ. ಮನೆಯಲ್ಲಿ ಚಮಚ ಕಳೆದರೂ ಪತ್ತೆ ಹಚ್ಚುವವಳು ಅವಳು; ನಾನು ಅವಳ ಬಾಲಂಗೋಚಿ.

ಬ್ಯಾಟರಿಯನ್ನು ಜೋಪಾನವಾಗಿ ತಿರುಗಿಸಿ ನೋಡಿದಳು.

“ಈ ತಾರೀಖು ಬರೆದಿದ್ಯಾರು?”

“ನಾನೇ. ತಂದ ದಿನ.”

“ಹಾಗಾದ್ರೆ ಇದು ನಿಂದೇ. ಅದಲುಬದಲಾಗಿಲ್ಲ. ಎಷ್ಟು ಚಾರ್ಜಲ್ಲಿ ಇಟ್ಟಿದ್ದೆ?”

“ಅರ್ಧ. ಸುಮ್ನೆ ಇಡುವಾಗ ಅರ್ಧಾನೇ ಇರ್ಬೇಕು.”

ಅಕ್ಕ ಮೀಟರ್ ಸಿಕ್ಕಿಸಿದಳು. ಪೂರ್ತಿ ತುಂಬಿದೆ!

ಅಕ್ಕ ತಲೆಯೆತ್ತಿ ನೋಡಿದಳು. ಗೋಡೆಯ ಮೇಲೆ ಹನ್ನೊಂದು ಗಡಿಯಾರಗಳು ನಿದ್ದೆಯಲ್ಲಿ ಗೊಣಗುವಂತೆ ಟಿಕ್‌ಟಿಕ್ ಎನ್ನುತ್ತಿದ್ದವು; ಕೆಳಗೆ ತಾತ ನಿಂತಿದ್ದರು.

“ತಾತ,” ಅಕ್ಕನ ದನಿ ಮೆತ್ತಗಾಯಿತು, “ದಿನಾ ಬೆಳಿಗ್ಗೆ ಇವಕ್ಕೆಲ್ಲ ಕೀ ಕೊಟ್ಟಾದ್ಮೇಲೆ ಏನ್ಮಾಡ್ತೀರಿ?”

ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ತಾತ ಕನ್ನಡಕ ಒರೆಸಿಕೊಂಡರು. “ಆ ಬ್ಯಾಟರೀನೂ ತುಂಬಿಸ್ತೀನಮ್ಮ. ಚಾರ್ಜರಲ್ಲಿ ಹಸಿರು ದೀಪ ಬಂದ್ಮೇಲೆ ವಾಪಸ್ ಇಡ್ತೀನಿ. ಮಗು ಹಾರಿಸೋ ದಿನ ಖಾಲಿ ಇರ್ಬಾರದಲ್ಲ?”

“ಎಲ್ರೂ ಉಬ್ಬಿದ್ದನ್ನ ನೋಡಿದ್ರಿ, ತುಂಬಿದ್ದನ್ನ ನೋಡ್ಲಿಲ್ಲ,” ಎಂದಳು ಅಕ್ಕ. “ಲಿಥಿಯಂ ಬ್ಯಾಟರೀನ ಪೂರ್ತಿ ತುಂಬಿಸಿ, ಬಿಸಿಲು ಬೀಳೋ ಕಪಾಟಲ್ಲಿ ವಾರಗಟ್ಲೆ ಇಟ್ರೆ ಹೊಟ್ಟೇಲಿ ಗ್ಯಾಸ್ ಕಟ್ಟತ್ತೆ. ತಪ್ಪಿತಸ್ಥರು ನಮ್ಮ ತಾತ. ಅದೂ ಪ್ರೀತಿಯಿಂದ. ಗಾಳಿಪಟ ಮುಟ್ಟೇ ಇಲ್ಲ.”

“ಅಯ್ಯೋ, ನಾನಾ?” ತಾತ ಕುರ್ಚಿಯಲ್ಲಿ ಕುಸಿದರು. ಅಣ್ಣ ನೆಲ ನೋಡಿದ.

ಉಬ್ಬಿದ್ದನ್ನು ಹೊರಗೆ ಮರಳಿನ ಬಕೆಟ್ಟಿಗೆ ಇಳಿಸಿ, ಅಕ್ಕ ಗಾಳಿಪಟನ ಬ್ಯಾಟರಿ ಪರೀಕ್ಷಿಸಿದಳು. ಉಬ್ಬಿಲ್ಲ, ತಗ್ಗಿಲ್ಲ, ಒಳಗಿನ ಮೂರೂ ಸೆಲ್‌ಗಳ ಚಾರ್ಜ್ ಸಮ. “ಇದು ಕ್ಷೇಮ.”

ಮೈದಾನದಲ್ಲಿ ಅಣ್ಣ ರಿಮೋಟನ್ನು ಗಾಳಿಪಟನ ಕೈಗಿಟ್ಟ. “ಮೊದಲು ನೀನು ಹಾರ್ಸೋ.”

“ಬಿದ್ರೆ?”

“ಬಿದ್ರೆ ಇಬ್ರೂ ಕೂತು ಅಂಟಿಸೋಣ.”

ಗ್ಲೈಡರ್ ಏರಿತು. ಎತ್ತರ ಮುಟ್ಟಿದ ಮೇಲೆ ಗಾಳಿಪಟ ಮೋಟಾರು ನಿಲ್ಲಿಸಿದ. ಆಮೇಲೆ ಬರೀ ಗಾಳಿ, ಬರೀ ಬಿಳಿ ರೆಕ್ಕೆ. ಇಳಿಸುವ ಆತುರ ಯಾರಿಗೂ ಇರಲಿಲ್ಲ.